ಕೂಸಿನ ಮೊದಲ ನಿಮಿಷ

ಹೆರಿಗೆಯ ಕೋಣೆಯ ಹೊರಗೆ ನಿಂತವರ ಕಿವಿಯೆಲ್ಲ ಒಂದೇ ದನಿಗಾಗಿ ಕಾದಿರುತ್ತದೆ. ಕೂಸು ಅತ್ತಿತೆಂದರೆ ಮನೆಮಂದಿಯ ಎದೆ ಹಗುರವಾಗುತ್ತದೆ. ಅಳದಿದ್ದರೆ? ಹಿಂದಿನ ಕಾಲದ ಸೂಲಗಿತ್ತಿಯರು ಕೂಸಿನ ಬೆನ್ನು ತಟ್ಟಿ, ಅಂಗಾಲು ತಿಕ್ಕಿ ಅದನ್ನು ಅಳಿಸಲು ಹೆಣಗುತ್ತಿದ್ದರು. ಸೂಲಗಿತ್ತಿಯರ ಮಾತು ಹಾಗಿರಲಿ, ಇಪ್ಪತ್ತನೆಯ ಶತಮಾನದ ನಡುಗಾಲದವರೆಗೆ ಅಮೆರಿಕದ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿಯೂ ಆಗ ತಾನೆ ಹುಟ್ಟಿದ ಶಿಶುವಿನ ಸ್ಥಿತಿ ಎಂಥದೆಂದು ಅಳೆದು ಹೇಳುವ ಕ್ರಮವೊಂದು ಇರಲಿಲ್ಲ. ವೈದ್ಯರ ಗಮನವೆಲ್ಲ ತಾಯಿಯ ಕಡೆಗಿರುತ್ತಿತ್ತು. ಉಸಿರಾಡದ ಕೂಸನ್ನು ಬದುಕದೆಂದು ಬಗೆದು ಪಕ್ಕಕ್ಕಿಡುವುದೂ ಉಂಟಾಗಿತ್ತು. 1930ರಿಂದ ಮುಂದಿನ ಎರಡು ದಶಕಗಳಲ್ಲಿ ಆ ದೇಶದಲ್ಲಿ ಒಂದು ವರ್ಷದೊಳಗಿನ ಮಕ್ಕಳ ಸಾವು ಗಣನೀಯವಾಗಿ ತಗ್ಗಿತು. ಆದರೆ ಹುಟ್ಟಿದ ಮೊದಲ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸಾಯುವ ಮಕ್ಕಳ ಪ್ರಮಾಣ ಮಾತ್ರ ಇದ್ದಲ್ಲಿಯೇ ಇದ್ದಿತು. ಈ ಸಂಗತಿಯನ್ನು ಮನಸ್ಸಿಗೆ ಹಚ್ಚಿಕೊಂಡು, ಕೂಸಿನ ಮೊದಲ ನಿಮಿಷವನ್ನು ವೈದ್ಯಲೋಕದ ಕಣ್ಣಿಗೆ ಬೀಳಿಸಿದವರು ಡಾಕ್ಟರ್ ವರ್ಜೀನಿಯಾ ಆಪ್ಗಾರ್. ಅವರು ಹೆರಿಗೆಯ ವೈದ್ಯರಾಗಿರಲಿಲ್ಲ, ಮಕ್ಕಳ ವೈದ್ಯರೂ ಆಗಿರಲಿಲ್ಲ. ನೋವು ತಿಳಿಯದಂತೆ ಅರಿವಳಿಕೆ ಕೊಡುವುದು ಅವರ ಕಸುಬಾಗಿತ್ತು.

ವರ್ಜೀನಿಯಾ ಹುಟ್ಟಿದ್ದು 1909ನೆಯ ಜೂನ್ 7ರಂದು, ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ವೆಸ್ಟ್‌ಫೀಲ್ಡ್ ಎಂಬ ಊರಿನಲ್ಲಿ. ತಂದೆ ಚಾರ್ಲ್ಸ್ ಆಪ್ಗಾರ್ ವೃತ್ತಿಯಿಂದ ವ್ಯವಹಾರಸ್ಥರು, ಮನಸ್ಸಿನಿಂದ ವಿಜ್ಞಾನಿ. ಮನೆಯಲ್ಲಿ ದೂರದರ್ಶಕ ಕಟ್ಟಿಕೊಂಡು ನಕ್ಷತ್ರಗಳನ್ನು ನೋಡುವುದು, ನಿಸ್ತಂತು ಯಂತ್ರಗಳನ್ನು ಜೋಡಿಸಿ ದೂರದ ಸಂದೇಶಗಳನ್ನು ಹಿಡಿಯುವುದು ಅವರಿಗೆ ಪ್ರಿಯವಾದ ಹವ್ಯಾಸಗಳು. 1915ರಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ, ಜರ್ಮನರ ನಿಸ್ತಂತು ನಿಲ್ದಾಣದಿಂದ ಹೊರಡುತ್ತಿದ್ದ ಗೂಢ ಸಂದೇಶಗಳನ್ನು ಅವರು ಮನೆಯಲ್ಲಿಯೇ ಧ್ವನಿಮುದ್ರಿಸಿ ಸರ್ಕಾರಕ್ಕೆ ಒದಗಿಸಿದ್ದರು. ಸಂಜೆಯಾದರೆ ಮನೆಯವರೆಲ್ಲ ಕೂಡಿ ವಾದ್ಯ ನುಡಿಸುತ್ತಿದ್ದರು. ಬಾಲಕಿ ಪಿಟೀಲು ಕಲಿತದ್ದು ಇಲ್ಲಿಯೇ. ಆದರೆ ಈ ಮನೆಗೆ ಕಾಯಿಲೆಯ ನೆರಳೂ ಇದ್ದಿತು. ಒಬ್ಬ ಅಣ್ಣ ಎಳವೆಯಲ್ಲಿಯೇ ಕ್ಷಯರೋಗಕ್ಕೆ ತುತ್ತಾದನು. ಇನ್ನೊಬ್ಬನು ವಾಸಿಯಾಗದ ರೋಗದಿಂದ ನರಳುತ್ತಿದ್ದನು. ಶಾಲೆ ಮುಗಿಯುವ ಹೊತ್ತಿಗೇ ಆಕೆ ವೈದ್ಯೆಯಾಗಬೇಕೆಂದು ನಿಶ್ಚಯಿಸಿಕೊಂಡಿದ್ದುದರಲ್ಲಿ ಆಶ್ಚರ್ಯವಿಲ್ಲ.

ಮೌಂಟ್ ಹೋಲಿಯೋಕ್ ಮಹಿಳಾ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಮುಖ್ಯ ವಿಷಯವಾಗಿ ಓದಿ 1929ರಲ್ಲಿ ಅವರು ಪದವಿ ಪಡೆದರು. ಓದಿನ ವೆಚ್ಚಕ್ಕೆ ಮನೆಯಿಂದ ಬರುವುದು ಸಾಲದಾಗಿ ವಿದ್ಯಾರ್ಥಿವೇತನದ ಜೊತೆಗೆ ಹಲವು ಸಣ್ಣಪುಟ್ಟ ಕೆಲಸಗಳನ್ನು ಮಾಡಿದರು. ಪ್ರಾಣಿಶಾಸ್ತ್ರದ ಪ್ರಯೋಗಶಾಲೆಗೆ ಬೀದಿಯ ಬೆಕ್ಕುಗಳನ್ನು ಹಿಡಿದು ತರುವುದೂ ಅವುಗಳಲ್ಲಿ ಒಂದು! ಅಷ್ಟರ ನಡುವೆ ಟೆನಿಸ್ ಆಡಿದರು, ವಾದ್ಯಮೇಳದಲ್ಲಿ ನುಡಿಸಿದರು, ಕಾಲೇಜಿನ ಪತ್ರಿಕೆಗೆ ಬರೆದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ವೈದ್ಯಕೀಯ ಕಾಲೇಜನ್ನು ಸೇರಿದರು. ತಿಂಗಳೊಂದು ಕಳೆಯುವಷ್ಟರಲ್ಲಿ ಅಮೆರಿಕದ ಷೇರುಪೇಟೆ ಕುಸಿದು ಮಹಾ ಆರ್ಥಿಕ ಮುಗ್ಗಟ್ಟು ತಲೆದೋರಿತು. ಸಾಲದ ಮೇಲೆ ಸಾಲ ಮಾಡಿ ಓದಬೇಕಾಯಿತು. 1933ರಲ್ಲಿ ತರಗತಿಗೆ ನಾಲ್ಕನೆಯವರಾಗಿ ತೇರ್ಗಡೆಯಾದಾಗ ಅವರ ತಲೆಯ ಮೇಲೆ ಸುಮಾರು 4,000 ಡಾಲರುಗಳ ಸಾಲವಿದ್ದಿತು.

ವರ್ಜೀನಿಯಾರ ಆಸೆ ಶಸ್ತ್ರವೈದ್ಯೆಯಾಗಬೇಕೆಂಬುದು. ಅವರ ಕೈಚಳಕವೂ ಅದಕ್ಕೆ ತಕ್ಕಂತಿತ್ತು. ಆದರೆ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾಗಿದ್ದ ಅಲೆನ್ ವಿಪಲ್ ಅವರು ಆ ದಾರಿ ಬೇಡವೆಂದು ಬುದ್ಧಿ ಹೇಳಿದರು. ತಾವು ತರಬೇತಿ ಕೊಟ್ಟ ಬೇರೆ ಮಹಿಳೆಯರಿಗೆ ಶಸ್ತ್ರವೈದ್ಯ ವೃತ್ತಿಯಲ್ಲಿ ಜೀವನ ಸಾಗುವಷ್ಟು ಸಂಪಾದನೆಯಾಗಲಿಲ್ಲವೆಂಬುದು ಅವರು ಕೊಟ್ಟ ಒಂದು ಕಾರಣ. ಅರಿವಳಿಕೆಯ ವಿದ್ಯೆ ಸುಧಾರಿಸದೆ ಶಸ್ತ್ರಚಿಕಿತ್ಸೆ ಮುಂದುವರಿಯಲಾರದು, ಅದಕ್ಕೆ ಚುರುಕಾದವರು ಬೇಕು ಎಂಬುದು ಇನ್ನೊಂದು. ಎರಡನೆಯ ಕಾರಣ ನ್ಯಾಯವಾದದ್ದು. ಮೊದಲನೆಯದು ಅಂದಿನ ಸಮಾಜದ ಅನ್ಯಾಯವನ್ನು ಇದ್ದ ಹಾಗೆಯೇ ಒಪ್ಪಿಕೊಂಡ ಮಾತು. ಸಾಲದ ಹೊರೆ ಹೊತ್ತ ತರುಣಿಗೆ ವಾದಕ್ಕೆ ಎಡೆಯಿರಲಿಲ್ಲ. ಆಕೆ ಒಪ್ಪಿದರು.

ಅರಿವಳಿಕೆಯ ವಿದ್ಯೆಗೆ ಆಗ ತೊಂಬತ್ತು ವರ್ಷ ಸಹ ತುಂಬಿರಲಿಲ್ಲ. 1846ರ ಅಕ್ಟೋಬರಿನಲ್ಲಿ ಬಾಸ್ಟನ್ ನಗರದಲ್ಲಿ ಈಥರ್ ಆವಿಯನ್ನು ಉಸಿರಾಡಿಸಿ ರೋಗಿಗೆ ನೋವಾಗದಂತೆ ಶಸ್ತ್ರಚಿಕಿತ್ಸೆ ಮಾಡಿ ತೋರಿಸಲಾಯಿತು. ಮರುವರ್ಷವೇ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಅದನ್ನು ಹೆರಿಗೆಯಲ್ಲಿ ಬಳಸಿದರು. ಬಳಿಕ ಕ್ಲೋರೋಫಾರಮನ್ನೂ ಬಳಕೆಗೆ ತಂದರು. ಅಂದಿನಿಂದಲೂ ಒಂದು ಸಂದೇಹ ವೈದ್ಯರನ್ನು ಕಾಡುತ್ತಲೇ ಇದ್ದಿತು. ತಾಯಿಗೆ ಕೊಟ್ಟ ಮದ್ದು ಹೊಟ್ಟೆಯೊಳಗಿನ ಕೂಸಿಗೂ ತಲಪುತ್ತದೆಯೆ? ತಾಯಿಯ ರಕ್ತಕ್ಕೂ ಕೂಸಿನ ರಕ್ತಕ್ಕೂ ನಡುವೆ ಮಾಸು, ಅಂದರೆ ಜರಾಯು, ತಡೆಗೋಡೆಯಾಗಿ ನಿಂತಿದೆಯೆಂದು ಅನೇಕರು ನಂಬಿದ್ದರು. ಮುಂದೆ ಪಾಲ್ ಝ್ವೈಫೆಲ್ ಎಂಬ ವೈದ್ಯರು ತಾಯಿಗೆ ಕೊಟ್ಟ ಕ್ಲೋರೋಫಾರಮ್ ಮಾಸನ್ನು ದಾಟಿ ಕೂಸಿನ ದೇಹವನ್ನು ಸೇರುವುದನ್ನು ತೋರಿಸಿಕೊಟ್ಟರು. ಗೋಡೆಯೆಂದುಕೊಂಡದ್ದು ಗೋಡೆಯಲ್ಲ, ಜರಡಿ. ಹಾಗಿದ್ದೂ ಆ ಮದ್ದು ಕೂಸಿಗೆ ಎಷ್ಟು ಕೇಡು ಮಾಡುತ್ತದೆಂದು ಅಳೆಯುವ ಗೋಜಿಗೆ ಬಹುಮಂದಿ ಹೋಗಲಿಲ್ಲ. ತಾಯಿಗೆ ನೋವು ಕಾಣದಿದ್ದರಾಯಿತು. ಕೂಸು ಮಂಕಾಗಿ ಹುಟ್ಟಿದರೆ ಅದು ಅದರ ಹಣೆಬರಹ.

ಆ ದಿನಗಳಲ್ಲಿ ಅರಿವಳಿಕೆ ಕೊಡುವುದು ವೈದ್ಯರಿಗೆ ತಕ್ಕ ಕೆಲಸವೆಂದು ಬಹಳ ಮಂದಿ ಬಗೆದಿರಲಿಲ್ಲ. ಬಹುಮಟ್ಟಿಗೆ ದಾದಿಯರೇ ಅದನ್ನು ನಿರ್ವಹಿಸುತ್ತಿದ್ದರು. ವರ್ಜೀನಿಯಾ ಮೊದಲು ಕಲಿತದ್ದು ಅವರಿಂದಲೇ. ಬಳಿಕ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ರಾಲ್ಫ್ ವಾಟರ್ಸ್ ಅವರ ಬಳಿಗೆ ಹೋದರು. ಅರಿವಳಿಕೆಯನ್ನು ಒಂದು ಶಾಸ್ತ್ರವಾಗಿ ಕಲಿಸುತ್ತಿದ್ದ ಗುರು ವಾಟರ್ಸ್. ಸೈಕ್ಲೋಪ್ರೊಪೇನ್ ಎಂಬ ಅನಿಲವನ್ನು ಚಿಕಿತ್ಸೆಯ ಬಳಕೆಗೆ ತಂದವರಲ್ಲಿ ಅವರು ಮುಖ್ಯರು. ಕಲಿಯಲು ಬಂದ ಹೆಣ್ಣುಮಗಳಿಗೆ ಇರಲು ವಸತಿಯ ಏರ್ಪಾಡಿರಲಿಲ್ಲ. ಕೆಲವೇ ತಿಂಗಳುಗಳಲ್ಲಿ ಮೂರು ಸಲ ಗಂಟುಮೂಟೆ ಕಟ್ಟಿಕೊಂಡು ಕೋಣೆ ಬದಲಿಸಬೇಕಾಯಿತು. ಅಲ್ಲಿಂದ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಎಮೆರಿ ರೋವೆನ್‌ಸ್ಟೈನ್ ಅವರ ಕೈಕೆಳಗೆ ಇನ್ನಷ್ಟು ಕಲಿತು, 1938ರಲ್ಲಿ ಕೊಲಂಬಿಯಾಕ್ಕೆ ಮರಳಿ ಅರಿವಳಿಕೆ ಶಾಖೆಯ ಮುಖ್ಯಸ್ಥೆಯಾದರು. ಆ ಆಸ್ಪತ್ರೆಯಲ್ಲಿ ಶಾಖೆಯೊಂದರ ಮುಖ್ಯಸ್ಥಾನಕ್ಕೆ ಬಂದ ಮೊದಲ ಮಹಿಳೆ ಅವರೇ.

ಮುಖ್ಯಸ್ಥೆಯೆಂಬುದು ಹೆಸರಿಗೆ ಮಾತ್ರ. ಮೊದಮೊದಲು ಶಾಖೆಯ ವೈದ್ಯರೆಂದರೆ ಬಹುಪಾಲು ಅವರೊಬ್ಬರೇ. ಶಸ್ತ್ರವೈದ್ಯರಲ್ಲಿ ಹಲವರು ಅರಿವಳಿಕೆಯವರನ್ನು ತಮ್ಮ ಸರಿಸಮಾನರೆಂದು ಒಪ್ಪುತ್ತಿರಲಿಲ್ಲ. ಕೆಲಸ ಹೆಚ್ಚು, ಸಂಬಳ ಕಡಿಮೆ. ಗಂಡಸರಿಗಿಂತ ತಮಗೆ ಕಡಿಮೆ ಸಂಬಳ ಕೊಡುತ್ತಿದ್ದುದರ ಬಗ್ಗೆ ಅವರು ಆಪ್ತರಲ್ಲಿ ಹೇಳಿಕೊಂಡು ನೊಂದದ್ದುಂಟು. ಆದರೂ ಹನ್ನೊಂದು ವರ್ಷ ದುಡಿದು ಶಾಖೆಯನ್ನು ಬೆಳೆಸಿದರು, ತರುಣ ವೈದ್ಯರನ್ನು ತಯಾರುಮಾಡಿದರು. 1949ರಲ್ಲಿ ಆ ಶಾಖೆ ಸ್ವತಂತ್ರ ವಿಭಾಗವಾದಾಗ, ಅದರ ಅಧ್ಯಕ್ಷತೆ ತಮಗೇ ಬರುವುದೆಂದು ಅವರು ನಿರೀಕ್ಷಿಸಿದ್ದರು. ಬರಲಿಲ್ಲ. ಆ ಸ್ಥಾನಕ್ಕೆ ಬಂದವರು ಇಮ್ಯಾನುಯೆಲ್ ಪ್ಯಾಪರ್. ವರ್ಜೀನಿಯಾರಿಗೆ ಪೂರ್ಣ ಪ್ರಾಧ್ಯಾಪಕ ಪದವಿ ದೊರೆಯಿತು. ಕೊಲಂಬಿಯಾದ ಆ ವೈದ್ಯಕೀಯ ಕಾಲೇಜಿನಲ್ಲಿ ಅದನ್ನು ಪಡೆದ ಮೊದಲ ಮಹಿಳೆಯಾದರು. ಗೌರವವೇನೋ ನಿಜ, ಕಟ್ಟಿದ ಮನೆಯ ಯಜಮಾನಿಕೆ ಬೇರೆಯವರ ಪಾಲಾದದ್ದೂ ಅಷ್ಟೇ ನಿಜ.

ಆಡಳಿತದ ಹೊರೆ ಇಳಿದ ಮೇಲೆ ಅವರು ಹೆರಿಗೆಯ ವಿಭಾಗಕ್ಕೆ ನಡೆದರು. ಅರಿವಳಿಕೆಯವರು ಅತ್ತ ತಲೆಹಾಕುತ್ತಿದ್ದುದೇ ಅಪರೂಪ. ಅಲ್ಲಿ ಅವರಿಗೆ ಒಂದರ ಬದಲು ಎರಡು ಜೀವಗಳ ಹೊಣೆ. ಒಂದೇ ಮದ್ದಿನಿಂದ ಒಬ್ಬಳಿಗೆ ಹಿತ, ಇನ್ನೊಂದಕ್ಕೆ ಅಹಿತವಾಗಬಹುದು. ಆ ಇನ್ನೊಂದು ಜೀವ ಕಣ್ಣಿಗೆ ಕಾಣದು, ಬಾಯಿಬಿಟ್ಟು ಹೇಳದು. ಹುಟ್ಟಿದ ಕೂಡಲೇ ಅದರ ಸ್ಥಿತಿಯನ್ನು ನೋಡಿಯೇ ತಾಯಿಗೆ ಕೊಟ್ಟ ಮದ್ದಿನ ಗುಣದೋಷವನ್ನು ನಿರ್ಣಯಿಸಬೇಕು. ಆದರೆ ನೋಡುವುದು ಹೇಗೆ? ಒಬ್ಬ ವೈದ್ಯರ ಕಣ್ಣಿಗೆ ಚೆನ್ನಾಗಿದೆಯೆಂದು ಕಂಡದ್ದು ಇನ್ನೊಬ್ಬರಿಗೆ ಹಾಗೆ ಕಾಣದು.

ಉತ್ತರ ಹುಟ್ಟಿದ್ದು ಆಸ್ಪತ್ರೆಯ ಊಟದ ಮನೆಯಲ್ಲಿ ಎಂದು ಹೇಳುತ್ತಾರೆ. ಬೆಳಗಿನ ಉಪಾಹಾರದ ವೇಳೆ ವಿದ್ಯಾರ್ಥಿಯೊಬ್ಬನು ಹಸುಗೂಸಿನ ಸ್ಥಿತಿಯನ್ನು ಪರೀಕ್ಷಿಸುವ ಬಗೆಯೇನೆಂದು ಕೇಳಿದನಂತೆ. ಅದು ಸುಲಭವೆಂದು ಹೇಳಿ, ಕೈಗೆ ಸಿಕ್ಕಿದ ಚೀಟಿಯ ಮೇಲೆ ವರ್ಜೀನಿಯಾ ಐದು ಅಂಶಗಳನ್ನು ಬರೆದರಂತೆ. ಬರೆದವರೇ ಎದ್ದು ಹೆರಿಗೆಯ ಕೋಣೆಗೆ ಧಾವಿಸಿ ಅದನ್ನು ಪರೀಕ್ಷೆಗೆ ಒಡ್ಡಿದರಂತೆ. ಚೀಟಿ ಬರೆಯಲು ನಿಮಿಷ ಸಾಕಾಗಿರಬಹುದು. ಅದರ ಹಿಂದೆ ಹದಿನೈದು ವರ್ಷಗಳ ನೋಟವಿತ್ತೆಂಬುದನ್ನು ಮರೆಯುವಂತಿಲ್ಲ.

ಆ ಐದು ಅಂಶಗಳು ಇವು: ಹೃದಯದ ಬಡಿತ, ಉಸಿರಾಟ, ಸ್ನಾಯುಗಳ ಬಿಗುವು, ಕೆಣಕಿದಾಗ ತೋರುವ ಪ್ರತಿಕ್ರಿಯೆ, ಮೈಬಣ್ಣ. ಒಂದೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ. ಹೃದಯ ಬಡಿಯದಿದ್ದರೆ ಸೊನ್ನೆ; ನಿಮಿಷಕ್ಕೆ 100ಕ್ಕಿಂತ ಕಡಿಮೆ ಬಡಿದರೆ ಒಂದು; ಅದಕ್ಕಿಂತ ಹೆಚ್ಚಾದರೆ ಎರಡು. ಉಸಿರೇ ಇಲ್ಲದಿದ್ದರೆ ಸೊನ್ನೆ. ನಿಧಾನವಾಗಿ, ತಡೆತಡೆದು ಬಂದರೆ ಒಂದು. ಗಟ್ಟಿಯಾಗಿ ಅತ್ತರೆ ಎರಡು. ಕೈಕಾಲು ಜೋತುಬಿದ್ದಿದ್ದರೆ ಸೊನ್ನೆ; ತುಸು ಮಡಚಿಕೊಂಡಿದ್ದರೆ ಒಂದು; ಒದೆಯುತ್ತ ಆಡುತ್ತಿದ್ದರೆ ಎರಡು. ಮೂಗಿನೊಳಗೆ ಸಣ್ಣ ನಳಿಕೆಯಿಂದ ಕೆಣಕಿದಾಗ ಸುಮ್ಮನಿದ್ದರೆ ಸೊನ್ನೆ; ಮುಖ ಕಿವಿಚಿದರೆ ಒಂದು; ಸೀನಿದರೆ ಅಥವಾ ಕೆಮ್ಮಿದರೆ ಎರಡು. ಮೈಯೆಲ್ಲ ನೀಲಿಗಟ್ಟಿದ್ದರೆ ಅಥವಾ ಬಿಳಿಚಿದ್ದರೆ ಸೊನ್ನೆ. ಮೈ ಕೆಂಪಾಗಿ ಕೈಕಾಲು ಮಾತ್ರ ನೀಲಿಯಾಗಿದ್ದರೆ ಒಂದು. ಮೈಯೆಲ್ಲ ಕೆಂಪಾಗಿದ್ದರೆ ಎರಡು. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಈ ಕೆಂಪನ್ನು ತುಟಿ, ಅಂಗೈ, ಅಂಗಾಲುಗಳಲ್ಲಿ ನೋಡುತ್ತಾರೆ. ಒಟ್ಟು ಹತ್ತು ಅಂಕ. ಏಳಕ್ಕೆ ಮೇಲಾದರೆ ಚಿಂತೆಯಿಲ್ಲ. ಮೂರಕ್ಕೆ ಇಳಿದರೆ ಕೂಸು ಅಪಾಯದಲ್ಲಿದೆ. ಇದಕ್ಕೆ ಯಂತ್ರ ಬೇಕಿಲ್ಲ, ಖರ್ಚಿಲ್ಲ. ಕಣ್ಣು, ಕಿವಿ, ಬೆರಳು ಇದ್ದರೆ ಸಾಕು.

ಹುಟ್ಟಿ ಒಂದು ನಿಮಿಷಕ್ಕೆ ಸರಿಯಾಗಿ ಅಂಕ ಕೊಡಬೇಕೆಂದು ಅವರು ಗೊತ್ತುಪಡಿಸಿದರು. ಕೊಡುವವರು ಹೆರಿಗೆ ಮಾಡಿಸಿದ ವೈದ್ಯರಾಗಿರಬಾರದೆಂದೂ ಸೂಚಿಸಿದರು. ತಾನು ಹೆರಿಗೆ ಮಾಡಿಸಿದ ಕೂಸಿಗೆ ತಾನೇ ಅಂಕ ಕೊಡುವವನ ಕೈ ಧಾರಾಳವಾಗುವುದೆಂಬುದು ಅವರಿಗೆ ತಿಳಿದಿತ್ತು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹೊರಗಿನವರಿಂದ ತಿದ್ದಿಸುವ ನ್ಯಾಯವೇ ಇಲ್ಲಿಯದೂ. 1952ರಲ್ಲಿ ವೈದ್ಯರ ಸಭೆಯೊಂದರಲ್ಲಿ ಈ ಕ್ರಮವನ್ನು ಮಂಡಿಸಿದರು. 1953ರಲ್ಲಿ ಲೇಖನ ಅಚ್ಚಾಯಿತು. ಬೆನ್ನುಹುರಿಯ ಬಳಿ ಮದ್ದು ಚುಚ್ಚಿ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ ತಾಯಂದಿರ ಕೂಸುಗಳು, ಪೂರ್ತಿ ಪ್ರಜ್ಞೆ ತಪ್ಪಿಸಿದ ತಾಯಂದಿರ ಕೂಸುಗಳಿಗಿಂತ ಹೆಚ್ಚು ಅಂಕ ಪಡೆದಿದ್ದವು. ಅಂಕಿಗಳು ಮಾತನಾಡತೊಡಗಿದ್ದವು.

ಅಂಕ ಕೊಟ್ಟರಷ್ಟೇ ಸಾಲದು, ಅದರ ಒಳಗಿನ ಕಾರಣ ತಿಳಿಯಬೇಕೆಂದು ಸ್ಟ್ಯಾನ್ಲಿ ಜೇಮ್ಸ್ ಮತ್ತು ಡಂಕನ್ ಹಾಲಡೇ ಎಂಬ ವೈದ್ಯರೊಡನೆ ಕೂಡಿ ಅವರು ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷಿಸಿದರು. ಹುಟ್ಟಿದ ಕೂಸಿನ ರಕ್ತದಲ್ಲಿ ಆಮ್ಲಜನಕ ಕಡಿಮೆಯಿರುವುದು ಸಹಜವೆಂದು ಆಗ ಹಲವರ ಭಾವನೆ. ಅದು ಹಾಗೆಯೇ ಮುಂದುವರಿದರೆ ರಕ್ತ ಆಮ್ಲೀಯವಾಗುತ್ತದೆ, ಅಂಥ ಕೂಸು ಕಡಿಮೆ ಅಂಕ ಪಡೆಯುತ್ತದೆ, ಅದಕ್ಕೆ ತಡಮಾಡದೆ ಉಸಿರು ತುಂಬಬೇಕು ಎಂಬುದು ಸ್ಪಷ್ಟವಾಯಿತು. ಅರಿವಳಿಕೆಯ ಮದ್ದುಗಳನ್ನು ಒಂದಕ್ಕೊಂದು ಹೋಲಿಸಿ ನೋಡಿದಾಗ ಇನ್ನೊಂದು ಸತ್ಯ ಹೊರಬಿದ್ದಿತು. ಕೂಸುಗಳನ್ನು ಬೇರೆಯವುಗಳಿಗಿಂತ ಹೆಚ್ಚು ಮಂಕಾಗಿಸುತ್ತಿದ್ದುದು ಸೈಕ್ಲೋಪ್ರೊಪೇನ್! ಗುರು ವಾಟರ್ಸ್ ಬಳಕೆಗೆ ತಂದ ಅನಿಲ ಅದು, ವರ್ಜೀನಿಯಾರಿಗೂ ಎಲ್ಲಕ್ಕಿಂತ ಅಚ್ಚುಮೆಚ್ಚಿನದು. ಬೇಗ ನಿದ್ದೆ ಬರಿಸುತ್ತಿತ್ತು, ತಾಯಿಗೆ ಒಗ್ಗುತ್ತಿತ್ತು. ಎಷ್ಟೋ ತಾಯಂದಿರಿಗೆ ಅವರೇ ಅದನ್ನು ಕೈಯಾರೆ ಕೊಟ್ಟಿದ್ದರು. ಅಂಕಿಗಳನ್ನು ಕಂಡ ಮೇಲೆ ಅವರು ವಾದಕ್ಕೆ ಇಳಿಯಲಿಲ್ಲ, ನೆವ ಹುಡುಕಲಿಲ್ಲ. ತಮ್ಮ ನೆಚ್ಚಿನ ಅನಿಲಕ್ಕೆ ವಿದಾಯ ಹೇಳಿದರು. ಫಲಿತಾಂಶ ಪ್ರಕಟವಾದ ಮೇಲೆ ಹೆರಿಗೆಯಲ್ಲಿ ಅದರ ಬಳಕೆ ಇಳಿಮುಖವಾಯಿತು. ಒಬ್ಬ ವಿಜ್ಞಾನಿಯ ಬಾಳಿನಲ್ಲಿ ಇದಕ್ಕಿಂತ ಕಠಿಣವಾದ ಗಳಿಗೆ ಬಹಳವಿರಲಾರದು.

ಕ್ರಮೇಣ ಇತರ ಆಸ್ಪತ್ರೆಗಳಲ್ಲಿ ಐದನೆಯ ನಿಮಿಷದಲ್ಲಿ ಇನ್ನೊಮ್ಮೆ ಅಂಕ ಕೊಡುವ ರೂಢಿ ಬೆಳೆಯಿತು. ಆಗ ಆರೈಕೆಯಿಂದ ಕೂಸು ಚೇತರಿಸಿಕೊಂಡಿತೆ ಎಂಬುದು ತಿಳಿಯುತ್ತದೆ. ಹನ್ನೆರಡು ಸಂಸ್ಥೆಗಳು ಕೂಡಿ 17,221 ಮಕ್ಕಳನ್ನು ಅಧ್ಯಯನ ಮಾಡಿ ಈ ಅಂಕಗಳ ಬೆಲೆಯನ್ನು ದೃಢಪಡಿಸಿದವು. 1962ರಲ್ಲಿ ಬಟರ್‌ಫೀಲ್ಡ್ ಎಂಬ ಮಕ್ಕಳ ವೈದ್ಯರು ಆಪ್ಗಾರ್ ಎಂಬ ಹೆಸರಿನ ಐದು ಇಂಗ್ಲಿಷ್ ಅಕ್ಷರಗಳಿಗೆ ಐದು ಲಕ್ಷಣಗಳನ್ನು ಹೊಂದಿಸಿ, ವಿದ್ಯಾರ್ಥಿಗಳಿಗೆ ನೆನಪಿನ ಸೂತ್ರವೊಂದನ್ನು ಪ್ರಕಟಿಸಿದರು. ಅದು ಒಬ್ಬ ವ್ಯಕ್ತಿಯ ಹೆಸರೆಂಬುದೇ ಬಳಿಕ ಹಲವರಿಗೆ ಮರೆತುಹೋಯಿತು! ಇಂದು ಉಸಿರಾಡದ ಕೂಸಿಗೆ ಉಸಿರು ತುಂಬಲು ಯಾರೂ ಒಂದು ನಿಮಿಷ ಕಾಯುವುದಿಲ್ಲ. ಅಂಕವೊಂದನ್ನೇ ನೋಡಿ ಮಗುವಿನ ಮುಂದಿನ ಬುದ್ಧಿಶಕ್ತಿಯನ್ನು ಹೇಳಬಾರದೆಂದೂ ವೈದ್ಯರು ಬಲ್ಲರು. ಆದರೂ ಬೆಂಗಳೂರಿನ ಆಸ್ಪತ್ರೆಯಾಗಲಿ ಬಾಸ್ಟನ್ನಿನದಾಗಲಿ, ನವಜಾತ ಶಿಶುವಿನ ದಾಖಲೆಯಲ್ಲಿ ಆಪ್ಗಾರ್ ಅಂಕಕ್ಕೆ ಒಂದು ಸ್ಥಾನವಿದೆ.

1959ರಲ್ಲಿ ವರ್ಜೀನಿಯಾರಿಗೆ ಐವತ್ತು ವರ್ಷ. ಆ ವಯಸ್ಸಿನಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿನಿಯಾಗಿ ಕುಳಿತು ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅದೇ ವರ್ಷ ಕೊಲಂಬಿಯಾವನ್ನು ಬಿಟ್ಟು, ಮಾರ್ಚ್ ಆಫ್ ಡೈಮ್ಸ್ ಎಂದು ಹೆಸರಾದ ಪ್ರತಿಷ್ಠಾನದಲ್ಲಿ ಹುಟ್ಟಿನಿಂದ ಬರುವ ಅಂಗವೈಕಲ್ಯಗಳ ವಿಭಾಗದ ಮುಖ್ಯಸ್ಥೆಯಾದರು. ಪೋಲಿಯೋ ವಿರುದ್ಧ ಹೋರಾಡಲು ಹುಟ್ಟಿದ ಸಂಸ್ಥೆ ಅದು. ಲಸಿಕೆ ಬಂದ ಮೇಲೆ ಈ ಹೊಸ ಕ್ಷೇತ್ರದತ್ತ ತಿರುಗಿತ್ತು. ಹುಟ್ಟಿದ ನಿಮಿಷದಿಂದ ಹುಟ್ಟುವ ಮುಂಚಿನ ತಿಂಗಳುಗಳತ್ತ ವರ್ಜೀನಿಯಾರ ದೃಷ್ಟಿಯೂ ಹೊರಳಿತು.

ಜಗತ್ತಿನ ದೃಷ್ಟಿಯೂ ಅತ್ತಲೇ ತಿರುಗಬೇಕಾದ ಕಾಲ ಬಂದೇ ಬಂದಿತು. ಥಾಲಿಡೋಮೈಡ್ ಎಂಬ ನಿದ್ರೆಯ ಮಾತ್ರೆಯನ್ನು ಗರ್ಭಿಣಿಯಾಗಿದ್ದಾಗ ಸೇವಿಸಿದ ತಾಯಂದಿರಿಗೆ ಕೈಕಾಲುಗಳು ಬೆಳೆಯದ ಮಕ್ಕಳು ಹುಟ್ಟುತ್ತಿರುವುದು 1961ರಲ್ಲಿ ಬಯಲಾಯಿತು. 1964–65ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ರೋಗ ಹಬ್ಬಿ, ಸುಮಾರು 20,000 ಮಕ್ಕಳು ಗರ್ಭದಲ್ಲಿಯೇ ಸೋಂಕು ತಗುಲಿ ಕಣ್ಣು, ಕಿವಿ, ಹೃದಯಗಳ ದೋಷದೊಡನೆ ಹುಟ್ಟಿದರು. ಮೈಮೇಲೆ ನಾಲ್ಕು ದಿನ ಗುಳ್ಳೆ ಏಳಿಸಿ ಹೋಗುವ ಈ ರೋಗ ಗರ್ಭಿಣಿಯ ಕೂಸಿಗೆ ಕೇಡು ಮಾಡುವುದನ್ನು ಆಸ್ಟ್ರೇಲಿಯಾದ ನಾರ್ಮನ್ ಗ್ರೆಗ್ 1941ರಲ್ಲಿಯೇ ಗುರುತಿಸಿದ್ದರು. ವರ್ಜೀನಿಯಾ ಊರೂರು ಸುತ್ತಿ ತಾಯಂದಿರಿಗೆ, ವೈದ್ಯರಿಗೆ, ದಾನಿಗಳಿಗೆ ಈ ವಿಷಯ ತಿಳಿಯಹೇಳಿದರು. ಅಂಗವಿಕಲ ಮಗುವನ್ನು ನಾಲ್ಕು ಗೋಡೆಗಳ ನಡುವೆ ಮುಚ್ಚಿಡುತ್ತಿದ್ದ ಕಾಲದಲ್ಲಿ ಅದನ್ನು ಬಹಿರಂಗವಾಗಿ ಮಾತನಾಡುವ ವಿಷಯವಾಗಿ ಮಾಡಿದವರಲ್ಲಿ ಅವರು ಒಬ್ಬರು. ಭಾರತದಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ 2017ರಲ್ಲಿ ಮೊದಲುಗೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಗರ್ಭದ ಮೊದಲ ವಾರಗಳಲ್ಲಿ ಕೂಸಿನ ಅಂಗಾಂಗಗಳು ರೂಪುಗೊಳ್ಳುತ್ತವೆ. ಮದ್ದು, ಸೋಂಕು, ವಿಕಿರಣಗಳ ಹಾವಳಿ ಆಗಲೇ ಹೆಚ್ಚು. ಈ ತಿಳಿವಳಿಕೆ ಅರಿವಳಿಕೆಯವರ ಹಳೆಯ ಚಿಂತೆಯನ್ನು ಮತ್ತೆ ಮುಂದಕ್ಕೆ ತಂದಿತು. ಗರ್ಭಿಣಿಗೆ ಹೆರಿಗೆಯಲ್ಲದ ಬೇರೆ ಕಾರಣಕ್ಕಾಗಿ ಶಸ್ತ್ರಚಿಕಿತ್ಸೆ ಬೇಕಾದರೆ ಮಾಡುವುದೇನು? ಕರುಳುಬಾಲ ಕೀತರೆ, ಮೂಳೆ ಮುರಿದರೆ, ಅದು ಒಂಬತ್ತು ತಿಂಗಳು ಕಾಯುವುದಿಲ್ಲ. ಇಂದಿನ ವೈದ್ಯರು ಅನುಸರಿಸುವ ಕ್ರಮ ಹೀಗಿದೆ. ತಡೆಯಬಹುದಾದದ್ದನ್ನು ಹೆರಿಗೆಯ ನಂತರಕ್ಕೆ ತಳ್ಳುತ್ತಾರೆ. ತಡೆಯಲಾಗದ್ದನ್ನು, ತಿಂಗಳು ಯಾವುದೇ ಇರಲಿ, ಕೂಡಲೇ ಮಾಡುತ್ತಾರೆ. ಆಯ್ಕೆಗೆ ಎಡೆಯಿದ್ದರೆ ನಡುವಿನ ಮೂರು ತಿಂಗಳುಗಳನ್ನು ಆರಿಸಿಕೊಳ್ಳುತ್ತಾರೆ. ಹೊಟ್ಟೆ ದೊಡ್ಡದಾದ ಗರ್ಭಿಣಿಯನ್ನು ಅಂಗಾತ ಮಲಗಿಸಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳಗಳ ಮೇಲೆ ಬಿದ್ದು ಕೂಸಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಆದುದರಿಂದ ಎಡಕ್ಕೆ ತುಸು ಓರೆಯಾಗಿಸುತ್ತಾರೆ. ತಾಯಿಯ ಉಸಿರು, ರಕ್ತದೊತ್ತಡ ಕುಂದದಂತೆ ಕಾಯುತ್ತಾರೆ. ಅವಳ ಆಮ್ಲಜನಕವೇ ಕೂಸಿನ ಆಮ್ಲಜನಕ. ಈಗ ರೂಢಿಯಲ್ಲಿರುವ ಅರಿವಳಿಕೆಯ ಮದ್ದುಗಳಲ್ಲಿ ಯಾವುದೂ ಸಾಮಾನ್ಯ ಪ್ರಮಾಣದಲ್ಲಿ ಮನುಷ್ಯರ ಗರ್ಭದಲ್ಲಿ ಅಂಗವೈಕಲ್ಯ ಉಂಟುಮಾಡಿದ್ದು ಸಿದ್ಧವಾಗಿಲ್ಲ. ಭಯಪಟ್ಟು ಬೇಕಾದ ಚಿಕಿತ್ಸೆಯನ್ನು ಬಿಡುವುದೇ ಇಬ್ಬರಿಗೂ ಹೆಚ್ಚಿನ ಅಪಾಯ.

ವರ್ಜೀನಿಯಾ ಮದುವೆಯಾಗಲಿಲ್ಲ. ಮಾತಿನಲ್ಲಿ, ನಡಿಗೆಯಲ್ಲಿ ಗಾಳಿಯ ವೇಗ. ದಾರಿಯಲ್ಲಿ ಯಾರಾದರೂ ಉಸಿರುಗಟ್ಟಿ ಬಿದ್ದರೆ ಬೇಕಾದೀತೆಂದು ಚಾಕುವನ್ನೂ ಉಸಿರುನಳಿಕೆಯನ್ನೂ ಸದಾ ಬಳಿಯಲ್ಲಿ ಇಟ್ಟುಕೊಂಡಿರುತ್ತಿದ್ದರು. ಹೋದಲ್ಲೆಲ್ಲ ವಾದ್ಯವನ್ನು ಕೊಂಡೊಯ್ದು ಊರಿನ ಸಂಗೀತಗಾರರೊಡನೆ ಕೂಡಿ ನುಡಿಸುತ್ತಿದ್ದರು. ಇಳಿವಯಸ್ಸಿನಲ್ಲಿ ವಿಮಾನ ಹಾರಿಸಲೂ ಕಲಿತರು. ಅವರ ಬಳಿ ಚಿಕಿತ್ಸೆಗೆ ಬಂದಿದ್ದ ಕಾರ್ಲೀನ್ ಹಚಿನ್ಸ್ ಎಂಬ ಶಿಕ್ಷಕಿ ಪಿಟೀಲು ತಯಾರಿಸುವುದರಲ್ಲಿ ನಿಪುಣೆ. ಅವರಿಂದ ವರ್ಜೀನಿಯಾ ಆ ಕಲೆಯನ್ನು ಕಲಿತರು. ಆಸ್ಪತ್ರೆಯ ದೂರವಾಣಿ ಗೂಡಿನ ಹಲಗೆ ವಾದ್ಯಕ್ಕೆ ಹೇಳಿ ಮಾಡಿಸಿದಂಥ ಮೇಪಲ್ ಮರದ್ದೆಂದು ಹಚಿನ್ಸ್ ಗುರುತಿಸಿದರು. ಆಡಳಿತದವರು ಕೊಡಲೊಪ್ಪಲಿಲ್ಲ. ಒಂದು ರಾತ್ರಿ ಇಬ್ಬರೂ ಬೇರೊಂದು ಹಲಗೆಯನ್ನು ಒಯ್ದು ಅದಲುಬದಲು ಮಾಡಹೊರಟರು. ತಂದ ಹಲಗೆ ಕಾಲಂಗುಲ ಉದ್ದವಾಯಿತು! ಹೆಂಗಸರ ವಿಶ್ರಾಂತಿ ಕೋಣೆಯಲ್ಲಿ ಕುಳಿತು ಹಚಿನ್ಸ್ ಅದನ್ನು ಗರಗಸದಿಂದ ಕೊಯ್ಯುತ್ತಿದ್ದರೆ, ಪ್ರಾಧ್ಯಾಪಿಕೆ ಆಪ್ಗಾರ್ ಬಾಗಿಲಲ್ಲಿ ಕಾವಲು ನಿಂತಿದ್ದರು. ಆ ಮರ ವಯೋಲಾ ಎಂಬ ವಾದ್ಯದ ಬೆನ್ನಾಯಿತು. ಮೆಚ್ಚತಕ್ಕ ನಡತೆಯಲ್ಲ, ನಿಜ. ಆದರೆ ಅವರನ್ನು ಬಲ್ಲವರು ನೆನೆದು ನಗುತ್ತಿದ್ದುದು ಇದನ್ನೇ.

1974ನೆಯ ಆಗಸ್ಟ್ 7ರಂದು, ತಾವು ಬಹುಕಾಲ ದುಡಿದ ಆಸ್ಪತ್ರೆಯಲ್ಲಿಯೇ, ಯಕೃತ್ತಿನ ಕಾಯಿಲೆಯಿಂದ ವರ್ಜೀನಿಯಾ ಆಪ್ಗಾರ್ ತೀರಿಕೊಂಡರು. ಅವರ ದೇಹವನ್ನು ಹುಟ್ಟೂರು ವೆಸ್ಟ್‌ಫೀಲ್ಡಿನಲ್ಲಿ ಮಣ್ಣುಮಾಡಲಾಯಿತು. ಇಪ್ಪತ್ತು ವರ್ಷಗಳ ನಂತರ, 1994ರ ಅಕ್ಟೋಬರ್ 24ರಂದು, ಅಮೆರಿಕದ ಅಂಚೆ ಇಲಾಖೆ ಅವರ ಚಿತ್ರವಿರುವ ಇಪ್ಪತ್ತು ಸೆಂಟಿನ ಅಂಚೆಚೀಟಿಯನ್ನು ಹೊರತಂದಿತು. ಡಲ್ಲಾಸ್ ನಗರದಲ್ಲಿ ಮಕ್ಕಳ ವೈದ್ಯರು ಸೇರಿದ್ದ ಆ ಸಮಾರಂಭದಲ್ಲಿ ನಾಲ್ವರು ವಾದಕರು ಅವರಿಗೆ ಪ್ರಿಯವಾದ ಸಂಗೀತವನ್ನು ನುಡಿಸಿದರು. ನುಡಿಸಿದ ನಾಲ್ಕು ವಾದ್ಯಗಳೂ ಅವರು ಕೈಯಾರೆ ಮಾಡಿದವು. ಅವುಗಳಲ್ಲಿ ಒಂದಕ್ಕೆ ದೂರವಾಣಿ ಗೂಡಿನ ಹಲಗೆಯ ಬೆನ್ನಿತ್ತು.